ಕೆಂಪು ಕಾರಿನ ಎಡಗಡೆ ಸೀಟು

ನಮ್ಮ ಮನೆಯ ಮುಂದೆ ಒಂದು ಕೆಂಪು ಕಾರು ನಿಲ್ಲುತ್ತದೆ. ಎರಡೇ ಸೀಟು. ತಲೆಯ ಮೇಲೆ ಬಟ್ಟೆಯ ಮುಚ್ಚಿಗೆ. ಅದನ್ನು ಮಡಚಿ ಹಿಂದಕ್ಕೆ ತಳ್ಳಿದರೆ ಮೇಲೆ ಬರೀ ಆಕಾಶ. ನಾನು ಹುಟ್ಟುವ ಮೊದಲೇ ಯಾವುದೋ ದೇಶದಲ್ಲಿ ಜೋರಾಗಿ ಓಡಿಸುವವರಿಗೆಂದು ಮಾಡಿದ್ದಂತೆ. ಇಂಥ ಹಳೆಯ ಕಾರು ಕೊಳ್ಳುವ ಆಸೆ ಇರುವವರು ಈಚೆಗೆ ನಮ್ಮ ಯಜಮಾನರನ್ನು ಹುಡುಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಬರುತ್ತಾರೆ. ಏನೇನು ನೋಡಿ ತಗೋಬೇಕು ಸಾರ್ ಎಂದು ಕೇಳುತ್ತಾರೆ. ಇವರು ಐ.ಟಿ.ಐ.ನಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ಪಾಠ ಕೇಳುವವರು ಸಿಕ್ಕಿದರೆ ಊಟ ಮರೆಯುತ್ತಾರೆ.

ಪಾಠ ಮುಗಿಯುವ ಹೊತ್ತಿಗೆ ಬಂದವರ ಕಣ್ಣು ಎಡಗಡೆ ಬಾಗಿಲಿನ ಮುಂದೆ ಬಿಗಿದಿರುವ ಕಂಬಿಯ ಮೇಲೆ ಬೀಳುತ್ತದೆ. ಬಸ್ಸು ಹತ್ತುವಾಗ ಹಿಡಿದುಕೊಳ್ಳುತ್ತೇವಲ್ಲ, ಅಂಥ ಗೇಣುದ್ದದ ಉಕ್ಕಿನ ಕಂಬಿ.

"ಇದೇನ್ ಸಾರ್, ಸಿಟಿ ಬಸ್ಸು ಮಾಡ್ಬಿಟ್ಟಿದೀರ. ಇದ್ರಿಂದ ಕಾರಿನ ಮರ್ಯಾದೇನೇ ಹೋಯ್ತಲ್ಲ."

"ನಮ್ಮ ಮನೆಯವರಿಗೆ ಮಂಡಿ ನೋವು ಕಣಪ್ಪ," ಅನ್ನುತ್ತಾರೆ ಇವರು.

ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದುಬಿಡುತ್ತೇನೆ. ಮಂಡಿ ನೋವು ನಿಜವೇ. ಆದರೆ ಅಲ್ಲಿ ನಿಂತರೆ ಆ ಕಾರು ತಂದ ದಿನ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಇವರಿಗೆ ಹುಚ್ಚು ಹತ್ತಿದ್ದು ಹೆದ್ದಾರಿಯಿಂದ. ಭಾನುವಾರ ಬೆಳಿಗ್ಗೆ ಬೆಂಗಳೂರಿನವರು ನಂದಿಬೆಟ್ಟಕ್ಕೆಂದು ಬರುವಾಗ ಒಂದೊಂದು ಸಲ ಹಳೇ ಕಾರುಗಳ ಸಾಲು ನಮ್ಮೂರಿನ ತನಕ ಬಂದು ತಿಂಡಿ ತಿಂದು ತಿರುಗುತ್ತದೆ. ಇವರು ಹಾಲು ತರುತ್ತೇನೆಂದು ಹೋಗಿ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ನಿಂತುಬಿಡುತ್ತಿದ್ದರು. ಎಷ್ಟೋ ಭಾನುವಾರ ಹಾಲು ಒಲೆಗೆ ಬರುವ ಮೊದಲೇ ಒಡೆದಿದೆ. ಅವರ ಯಾವ ಆಸೆಗೂ ನಾನು ಅಡ್ಡ ಬಂದವಳಲ್ಲ, ಅವರೂ ನನ್ನ ಪೂಜೆ ಪುನಸ್ಕಾರಕ್ಕೆ ಅಡ್ಡ ಬಂದಿಲ್ಲ. ಆದರೂ ಚಿಂತಾಮಣಿಯಲ್ಲಿ ಇಂಥದೊಂದು ಕಾರು ಮಾರಾಟಕ್ಕಿದೆ ಎಂದು ಅವರು ಹೇಳಿದ ದಿನ ಒಂದು ಮಾತು ಖಡಾಖಂಡಿತ ಹೇಳಿದೆ.

"ತಗೊಳ್ಳಿ, ಬೇಡ ಅನ್ನಲ್ಲ. ನಾನು ಮಾತ್ರ ಅದ್ರಲ್ಲಿ ಕೂತ್ಕೊಳಲ್ಲ."

"ಯಾಕೆ, ಕಚ್ಚುತ್ತಾ?"

"ತಲೆ ಮೇಲೆ ಸೂರಿಲ್ಲ. ಈ ವಯಸ್ಸಲ್ಲಿ ಬಜಾರ್ ರಸ್ತೇಲಿ ಮೆರವಣಿಗೆ ಹೋಗಕ್ಕೆ ನಾನೇನು ಉತ್ಸವಮೂರ್ತಿನಾ?"

ಅವರು ನಕ್ಕರು. "ಕೂತ್ಕೊಬೇಡ. ಆದ್ರೆ ನೋಡಕ್ಕೆ ಬಾರೇ. ನೀನು ಹೂಂ ಅನ್ನದೆ ನಾನು ತಗೊಳಲ್ಲ. ನೀನು ಬೇಡ ಅಂದ ಮೊಪೆಡ್ಡು ಏನಾಯ್ತು, ನೆನಪಿದ್ಯಲ್ಲ."

ನೆನಪಿತ್ತು. ಮನೆಗೆ ಬಂದ ವಾರದಲ್ಲೇ ಅದು ಅವರನ್ನು ಚರಂಡಿಗೆ ಕೆಡವಿತ್ತು. ಅಂದಿನಿಂದ ನಮ್ಮ ಮನೆಗೆ ಯಾವ ಗಾಡಿ ಬರಬೇಕಾದರೂ ಕೊನೆಯ ಮಾತು ನನ್ನದು. ಅದರ ಹೆಮ್ಮೆ ನನಗೂ ಸ್ವಲ್ಪ ಇತ್ತು.

ಚಿಂತಾಮಣಿಯಿಂದ ಫೋನಿನಲ್ಲಿ ಮಾತಾಡಿದವರು ಕಾರಿನ ಯಜಮಾನರ ತಮ್ಮ. ಯಾಕೆ ಮಾರುತ್ತಿದ್ದೀರಿ ಎಂದು ಇವರು ಕೇಳಿದರೆ, "ನಮ್ಮಣ್ಣಂದು ಸಾರ್, ಶೆಡ್ಡು ಖಾಲಿ ಮಾಡ್ಬೇಕು, ಅದಕ್ಕೆ," ಅಂದಿದ್ದರು. ಅಷ್ಟು ಸಾಕಾಯಿತು ಇವರಿಗೆ. ಪೇಪರುಗಳೆಲ್ಲ ಸರಿಯಾಗಿವೆ, ಇಷ್ಟವಾದರೆ ಅವತ್ತೇ ಓಡಿಸಿಕೊಂಡು ಹೋಗಬಹುದು ಎಂದೂ ಹೇಳಿದ್ದರು. ನಾನು ಒಳ್ಳೆಯ ದಿನ ನೋಡಿ, ರಾಹುಕಾಲ ಕಳೆಯುವ ಹಾಗೆ ಹೊತ್ತು ಹೊಂದಿಸಿ, ಬುಟ್ಟಿ ಕಟ್ಟಿದೆ. ಮೊಳ ಎರಡು ಮೊಳ ಅಲ್ಲ, ಬಾನೆಟ್ಟಿಗೆ ತುಂಬುವಷ್ಟು ಸೇವಂತಿಗೆ ಹಾರ. ಚಕ್ರದ ಕೆಳಗಿಡಲು ನಿಂಬೆಹಣ್ಣು, ತೆಂಗಿನಕಾಯಿ, ಅರಿಶಿನ ಕುಂಕುಮ, ಕರ್ಪೂರ, ದೃಷ್ಟಿ ತೆಗೆದು ಒಡೆಯಲು ಒಂದು ಬೂದುಗುಂಬಳ. ಬಸ್ಸಿನಲ್ಲಿ ಬುಟ್ಟಿ ಕಾಲ ಬಳಿ, ಕುಂಬಳಕಾಯಿ ಮಡಿಲಲ್ಲಿ.

"ಯಾರಿಗಮ್ಮಾ ದೃಷ್ಟಿ ತೆಗಿಯೋದು?" ಅಂದ ಕಂಡಕ್ಟರ್. "ಹಂಗೇ ನಮ್ಮ ಬಸ್ಸಿಗೂ ಒಂದು ಸುತ್ತು ಇಳಿ ತೆಗೆದ್ಬಿಡಿ, ದಿನಾ ಒಂದು ಪಂಚರ್ರು."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ಬಂದಾಗ ಇವರು ಜೇಬಿನಿಂದ ಏನೋ ತೆಗೆದು ತೋರಿಸಿದರು. ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ನಾಗಪ್ಪ. ನನ್ನ ತವರು ಗೌರಿಬಿದನೂರಿನ ಕಡೆ. ಪ್ರತಿ ಸಲ ಹೋದಾಗಲೂ ನಾಗರಕಲ್ಲುಗಳ ವಿದುರಾಶ್ವತ್ಥಕ್ಕೆ ಹೋಗಿ ಬರುತ್ತೇನೆ. ಅಲ್ಲಿನ ಅಂಗಡಿಯಲ್ಲಿ ತಂದಿದ್ದು, ಹಿಂದೆ ಅಯಸ್ಕಾಂತ ಇರುವ ಪುಟ್ಟ ಚಿತ್ರ.

"ಅದ್ಯಾಕ್ರೀ ಕಿತ್ಕೊಂಡ್ ಬಂದ್ರಿ?"

"ಬಣ್ಣದ ಕೆಳಗೆ ತಗಡಿದ್ಯೋ, ಪುಟ್ಟಿ ಮೆತ್ತಿದಾರೋ ತಿಳಿಯೋದು ಹೆಂಗೆ? ಮ್ಯಾಗ್ನೆಟ್ ಇಡ್ಬೇಕು. ತಗಡಿದ್ರೆ ಹಿಡ್ಕೊಳುತ್ತೆ, ಪುಟ್ಟಿ ಇದ್ರೆ ಜಾರುತ್ತೆ. ಮನೇಲಿ ಬೇರೆ ಮ್ಯಾಗ್ನೆಟ್ ಸಿಗಲಿಲ್ಲ ಕಣೇ."

ದೇವರನ್ನು ಕಾರಿಗೆ ಉಜ್ಜುತ್ತಾರಂತೆ. ಬೈದು ಸುಮ್ಮನಾದೆ.

ಚಿಂತಾಮಣಿಯ ಆ ಮನೆ ಊರಂಚಿನಲ್ಲಿತ್ತು. ಪಕ್ಕದಲ್ಲಿ ದೊಡ್ಡ ತಗಡಿನ ಶೆಡ್ಡು. ಆ ಯಜಮಾನರು ಬಸ್ಸುಗಳಿಗೆ ಬಾಡಿ ಕಟ್ಟುವ ಕೆಲಸ ಮಾಡುತ್ತಿದ್ದರಂತೆ. ಮನೆಯ ಮೆಟ್ಟಿಲು ಎತ್ತರ. ನನ್ನ ಮಂಡಿ ಗಕ್ಕೆಂದಿತು. ನೋಡಿದರೆ ಗೋಡೆಯಲ್ಲಿ ಒಂದು ಉಕ್ಕಿನ ಕಂಬಿ, ಹಿಡಿದು ಹಿಡಿದು ನುಣುಪಾಗಿತ್ತು. ಯಾರೋ ಪುಣ್ಯಾತ್ಮರು ಹಾಕಿಸಿದ್ದಾರೆ ಎಂದುಕೊಂಡು ಅದನ್ನು ಹಿಡಿದೇ ಹತ್ತಿದೆ. ಸಂಜೆ ದೀಪ ಹಚ್ಚಿದ ಮೇಲೆ ಅವತ್ತು ದೇವರು ಮಾಡಿದ ಸಣ್ಣ ಪುಟ್ಟ ಉಪಕಾರಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಇದೂ ಒಂದು ಎಂದು ಅಲ್ಲೇ ಎಣಿಸಿಕೊಂಡೆ.

ಬಾಗಿಲಲ್ಲಿ ಒಬ್ಬ ಹೆಂಗಸು ಬಂದರು. ನನಗಿಂತ ಸ್ವಲ್ಪ ದೊಡ್ಡವರು. ಬನ್ನಿ ಎನ್ನಲು ಬಾಯಿ ತೆರೆದವರು ನನ್ನ ಬುಟ್ಟಿ ನೋಡಿದರು. ಹಾರ, ನಿಂಬೆಹಣ್ಣು, ಮೇಲೆ ಕುಂಕುಮದ ಭರಣಿ. ಹಿಂದಕ್ಕೆ ಸರಿದು ಬಾಗಿಲ ಮರೆಗೆ ಹೋದರು. ಅವರ ಹಣೆ ಖಾಲಿ ಇದ್ದದ್ದು ನನಗೆ ಆಗ ಕಾಣಿಸಿತು. ಅವರ ಹಿಂದೆ ನಡುಮನೆಯ ಗೋಡೆಯಲ್ಲಿ ಮೀಸೆಯ ಗಂಡಸಿನ ದೊಡ್ಡ ಫೋಟೋ, ಗಂಧದ ಹಾರ, ಕೆಳಗೆ ಉರಿಯುವ ದೀಪ.

ನನ್ನ ಬಗಲಲ್ಲಿ ಬೂದುಗುಂಬಳ.

ಫೋನಿನಲ್ಲಿ ಮಾತಾಡಿದ್ದ ತಮ್ಮ ಶೆಡ್ಡಿನಿಂದ ಓಡಿಬಂದರು. ಇವರು ಫೋಟೋ ನೋಡಿ, "ನಿಮ್ಮಣ್ಣ..." ಅಂದರು.

"ಯುಗಾದಿಗೆ ಮುಂಚೆ ಹೋದ್ರು ಸಾರ್. ಎದೆನೋವು."

"ಒಂದು ಮಾತು ಹೇಳ್ಬಾರ್ದೇನಪ್ಪ," ಅಂದೆ ನಾನು. ಧ್ವನಿ ಗಟ್ಟಿಯಾಗಿಯೇ ಬಂತು.

"ಹೇಳಿದ್ರೆ ನೀವು ಬರ್ತಿದ್ರಾ ಅಮ್ಮ? ಮೊದಲು ಬಂದೋರಿಗೆ ಹೇಳಿದ್ದೆ. ಬಾಗಿಲ ತನಕ ಬಂದು, ಸತ್ತೋರ ಗಾಡಿ ನಮಗ್ಯಾಕೆ ಅಂತ ಅಲ್ಲಿಂದಲೇ ತಿರುಗಿದ್ರು. ಅತ್ತಿಗೆ ಕೇಳಿಸ್ಕೊಂಡು ಎರಡು ದಿನ ಊಟ ಬಿಟ್ರು." ಅವರು ಬುಟ್ಟಿಯ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು. "ನೋಡಿ ಸಾರ್, ನೀವೇ ಕೊನೆ. ಶೆಡ್ಡನ್ನ ಟೊಮೊಟೊ ಕ್ರೇಟ್ ಇಡೋರಿಗೆ ಬಾಡಿಗೆ ಕೊಟ್ಟಾಯ್ತು. ಇವತ್ತು ಬೇಡ ಅಂದ್ರೆ ನಾಳೆ ಗುಜರಿಯವನು ಬರ್ತಾನೆ. ಕೊಯ್ದು ತೂಕಕ್ಕೆ ತಗೊಂಡೋಗ್ತಾನೆ."

ಇವರು ನನ್ನ ಮುಖ ನೋಡಿದರು. ನೋಡೋಣವಾ ಎಂದು ಕಣ್ಣಲ್ಲೇ ಕೇಳಿದರು. ಸುಳ್ಳು ಹೇಳುವುದಿಲ್ಲ, ಬಾಗಿಲಲ್ಲೇ ನನ್ನ ಮನಸ್ಸು ಬೇಡ ಅಂದುಬಿಟ್ಟಿತ್ತು. ಸೂತಕ ಕಳೆದಿರಬಹುದು, ವರ್ಷ ತುಂಬಿಲ್ಲ. ಮೊದಲು ಬಂದು ಹೋದವರು ಯಾರೋ, ನಾನೂ ಅವರ ಜಾತಿಯವಳೇ. ವ್ಯತ್ಯಾಸ ಇಷ್ಟೆ, ಅವರು ಬಾಯಿಬಿಟ್ಟು ಹೇಳಿ ಹೋದರು, ನಾನು ನಾಲಿಗೆ ಕಚ್ಚಿಕೊಂಡು ಒಳಗೆ ಹೋದೆ. ಇವರು ನೋಡಿ ಮುಗಿಸಲಿ, ಆಮೇಲೆ ಏನಾದರೂ ನೆಪ ಹೇಳಿದರಾಯಿತು ಎಂದುಕೊಂಡೆ. ಬುಟ್ಟಿಯನ್ನು ಜಗಲಿಯ ಮೂಲೆಗೆ ತಳ್ಳಿ ಮೇಲೆ ಟವೆಲ್ ಹೊದಿಸಿದೆ. ಕುಂಬಳಕಾಯಿ ಟವೆಲ್ಲಿನೊಳಗೂ ಕುಂಬಳಕಾಯಿಯೇ.

ಆಕೆ ನನಗೆ ಚಾಪೆ ಹಾಕಿ, ನೀರು ಕೊಟ್ಟು, ಕಿಟಕಿಯ ಪಕ್ಕ ಕುಳಿತರು. ಕಿಟಕಿ ಶೆಡ್ಡಿನ ಕಡೆಗಿತ್ತು. ಅಲ್ಲಿಂದ ಕಾರಿನ ಕೆಂಪು ಮೂತಿಯೂ ಎಡಮಗ್ಗುಲೂ ಕಾಣುತ್ತಿದ್ದವು, ಇವರ ಮಾತು ಒಂದೂ ಬಿಡದೆ ಕೇಳುತ್ತಿತ್ತು. ತರಗತಿಯ ಗಂಟಲು, ಮೆಲ್ಲಗೆ ಮಾತಾಡಲು ಬರುವುದಿಲ್ಲ.

"ನಿಮ್ಮ ಯಜಮಾನ್ರಿಗೆ ಕಾರಿನ ವಿಷಯ ಬಾಗಾ ಗೊತ್ತಾಮ್ಮ?" ಅಂದರು ಆಕೆ. ಬಾಗಾ ಎಂದರೆ ಚೆನ್ನಾಗಿ, ಆ ಕಡೆಯವರ ಕನ್ನಡದಲ್ಲಿ ತೆಲುಗು ತಾನಾಗಿ ಬೆರೆಯುತ್ತದೆ.

"ಐ.ಟಿ.ಐ. ಮೇಷ್ಟ್ರು ಅಕ್ಕ. ಕಬ್ಬಿಣ ಅಂದ್ರೆ ಜೀವ."

"ಹಂಗಾದ್ರೆ ಒಂದು ಕೇಳಿ ಹೇಳಮ್ಮ. ತಗೋಳದು ಬಿಡೋದು ನಿಮ್ಮಿಷ್ಟ. ನಮ್ಮೋರು ಅದನ್ನ ಚೆನ್ನಾಗಿ ಇಟ್ಕೊಂಡಿದ್ರಾ ಇಲ್ವಾ, ಅಷ್ಟೇ. ಎಲ್ರೂ ತಗಡು ಡಬ್ಬ ಅಂತಾರೆ. ಗುಜರಿಗೆ ಹೋಗೋದನ್ನ ತಂದು ಜೀವಮಾನ ಅದಕ್ಕೇ ತೇಯ್ದ ಅಂತಾರೆ. ನಾಳೆ ಅದು ಗುಜರಿಗೇ ಹೋದ್ರೆ, ಆ ಮಾತೇ ನಿಜ ಆಗುತ್ತಲ್ಲ."

ನಾನು ಲೋಟದಲ್ಲಿದ್ದ ನೀರನ್ನು ನೋಡುತ್ತ ಕುಳಿತೆ. ಬೇಡ ಎಂಬ ಮಾತು ನನ್ನ ಬಾಯಲ್ಲಿ ಸಿದ್ಧವಾಗಿತ್ತು.

ಹೊರಗೆ ಪರೀಕ್ಷೆ ಶುರುವಾಯಿತು. ಇವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ತಣ್ಣಗಿದೆ. ಒಳ್ಳೇದು. ಕೆಲವ್ರು ನಾವು ಬರೋ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರ್ತಾರೆ, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಅನ್ನೋದು ಮುಚ್ಚಿಡಕ್ಕೆ." ಆಮೇಲೆ ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದರು, ಮಜ್ಜಿಗೆ ಬೆರೆತ ಹಾಗಿದ್ದರೆ ಇಂಜಿನ್ನಿಗೆ ನೀರು ಸೇರಿದೆ ಎಂದು ಅರ್ಥವಂತೆ, ಹಾಗಿರಲಿಲ್ಲ. ಚಾಸಿಯ ಮೇಲಿನ ನಂಬರನ್ನು ಬಟ್ಟೆಯಲ್ಲಿ ಒರೆಸಿ ಆರ್.ಸಿ.ಗೆ ಹೋಲಿಸಿದರು. ಆರ್.ಸಿ. ಆಗಲೇ ಆಕೆಯ ಹೆಸರಿಗೆ ಆಗಿತ್ತು. ಬಾಗಿಲು ತೆರೆದು ಕೈಬಿಟ್ಟು ಕೆಳಕ್ಕೆ ಜಗ್ಗುತ್ತದೆಯೇ ನೋಡಿದರು. ಬಾಗಿಲ ಸುತ್ತಲಿನ ಸಂದಿನಲ್ಲಿ ಬೆರಳಾಡಿಸಿದರು. ಸಂದು ಒಂದೇ ಸಮ ಇಲ್ಲದಿದ್ದರೆ ಯಾವತ್ತೋ ಗುದ್ದಿಸಿಕೊಂಡ ಕಾರು. ನಾವು ತೆಂಗಿನಕಾಯಿ ಅಲ್ಲಾಡಿಸಿ, ಬೆರಳಲ್ಲಿ ಬಡಿದು ನೋಡುವುದಿಲ್ಲವೇ, ಹಾಗೆ ಎಲ್ಲ ಕಡೆ ಬಡಿದರು. ಅಂಗಡಿಯಲ್ಲಾದರೆ ಸರಿ. ಇಲ್ಲಿ ಒಂದೊಂದು ಬಡಿತಕ್ಕೂ ಆಕೆಯ ರೆಪ್ಪೆ ಅದುರುತ್ತಿತ್ತು.

"ಟೈರಿನ ಹಲ್ಲು ಸವೆದಿಲ್ಲ, ಆದ್ರೆ ಪಕ್ಕದಲ್ಲಿ ಬಿರುಕು. ಓಡಿಲ್ಲ, ವಯಸ್ಸಾಗಿದೆ. ಬದಲಾಯಿಸ್ಬೇಕು," ಅಂದರು ಇವರು ಹೊರಗಿನಿಂದ. "ಮೇಲಿನ ಬಟ್ಟೆ ಹರಿದಿದೆ."

"ಹರಿದಿದ್ದು ಗೊತ್ತು," ಅಂದರು ಆಕೆ ನನಗೆ, ಮೆಲ್ಲಗೆ. "ಹೊಲಿದು ಕೊಡ್ತೀನಿ ಅಂದಿದ್ದೆ."

ಇವರು ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿದರು. ಸ್ಕ್ರೂಡ್ರೈವರಿನಿಂದ ಕಟಕಟ ಚುಚ್ಚುವ ಸದ್ದು. ತುಂಬ ಹೊತ್ತು ಮಾತಿಲ್ಲ. ಇವರು ಮಾತಾಡದಿದ್ದರೆ ನನಗೆ ಭಯ. ನಾನು ಆಕೆಯ ಮುಖ ನೋಡಲಿಲ್ಲ. ಕೊನೆಗೆ ಕೆಳಗಿನಿಂದಲೇ ಧ್ವನಿ ಬಂತು.

"ಇಲ್ಲಿ ಯಾರೂ ಬಗ್ಗಿ ನೋಡಲ್ಲ. ಅಂಥ ಕಡೆ ಗ್ರೀಸು ಹಚ್ಚಿ ಇಟ್ಟಿದಾರಲ್ಲಪ್ಪ ಮನುಷ್ಯ. ಇಷ್ಟು ಹಳೇ ನಟ್ಟು, ಬೆರಳಲ್ಲಿ ಬಿಚ್ಕೊಳುತ್ತೆ."

ಆಕೆ ನನ್ನ ಕಡೆ ತಿರುಗಿದರು. ಆ ಮಾತಿನ ಅರ್ಥ ಅವರಿಗೆ ಆಗಲಿಲ್ಲ.

"ಚೆನ್ನಾಗಿ ಇಟ್ಕೊಂಡಿದ್ರಂತೆ ಅಕ್ಕ," ಅಂದೆ.

ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಕಾಫಿ ಇಡ್ತೀನಿ," ಎಂದು ಎದ್ದರು. ಆಗಲೇ ಇವರು ಒಳಗಿನ ಸೀಟು ನೋಡಿ, ಖುಷಿಯಿಂದ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ್ದು.

"ಬಲಗಡೆ ಸೀಟು ಸವೆದು ಗುಂಡಿ ಬಿದ್ದಿದೆ. ಎಡಗಡೇದು ನೋಡು ಬಾರೇ, ಹೊಸದರ ಹಂಗೇ ಇದೆ. ಒಂದು ದಿನಾನೂ ಯಾರೂ ಕೂತಿಲ್ಲ ಇದರ ಮೇಲೆ. ಇಂಥದು ಸಿಗಲ್ಲ."

ಆಕೆ ಎದ್ದವರು ಹಾಗೆಯೇ ಕುಳಿತುಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಿಟಕಿಯಿಂದ ಕೈ ಬೀಸಿ ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಇವರು ಅದನ್ನು, ತೋರಿಸಿ ಎಂದು ತಿಳಿದು ಸೀಟನ್ನು ಇನ್ನೆರಡು ಸಲ ತಟ್ಟಿದರು.

ಅದಾದ ಮೇಲೆ ನಾಗಪ್ಪ ಹೊರಬಂದ. ಇವರು ಅವನನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆ ಇಟ್ಟು ಇಟ್ಟು ತೆಗೆಯುತ್ತ ಬಂದರು. ಹಿಡಿದುಕೊಂಡ, ಹಿಡಿದುಕೊಂಡ, ಎಡಗಡೆ ಬಾಗಿಲ ಮುಂದೆ ಇಟ್ಟ ಕೂಡಲೇ ಜಾರಿ ಮಣ್ಣಿಗೆ ಬಿದ್ದ. ಮತ್ತೆ ಇಟ್ಟರು, ಮತ್ತೆ ಬಿದ್ದ.

ನಿಜ ಹೇಳುತ್ತೇನೆ, ನನಗೆ ಆಗ ಸಮಾಧಾನವಾಯಿತು. ದೇವರೇ ಅಂಟಲಿಲ್ಲ, ಇನ್ನೇನು ಬೇಕು. ನಾನು ಬೇಡ ಎನ್ನಬೇಕಾಗಿಲ್ಲ, ನಾಗಪ್ಪನೇ ಅಂದ ಎಂದು ಹೇಳಬಹುದು. ಎಷ್ಟು ಸಲೀಸಾಗಿ ದೇವರ ಹೆಸರು ನನ್ನ ಬಾಯಿಗೆ ಬಂತು ಎಂದು ಈಗ ನೆನೆದರೆ ದೀಪದ ಮುಂದೆ ತಲೆ ಎತ್ತಲಾಗುವುದಿಲ್ಲ.

ಇವರು ಬಣ್ಣವನ್ನು ಉಗುರಿನಲ್ಲಿ ಕೆರೆದರು. "ಪುಟ್ಟಿ. ಕೆಳಗೆ ತೂತುಗಳಿವೆ. ಮೇಲೆರಡು, ಕೆಳಗೆರಡು. ಡ್ರಿಲ್ ಹಾಕಿ ಏನೋ ಬಿಗಿದಿದ್ರು ಇಲ್ಲಿ. ಇಷ್ಟು ಚೆನ್ನಾಗಿ ಇಟ್ಕೊಂಡೋರು ಇಲ್ಲಿ ಯಾಕಪ್ಪ ಹಾಳು ಮಾಡಿದ್ರು?"

ತಮ್ಮ ಏನೋ ಹೇಳಹೊರಟರು. ಅವರಿಗಿಂತ ಮೊದಲೇ ಕಿಟಕಿಯಿಂದ ಆಕೆಯ ಧ್ವನಿ ಹೋಯಿತು.

"ಅದು ನನಗೋಸ್ಕರ ಹಾಕಿದ್ದು ಸಾರ್."

ಆಮೇಲೆ ಅವರು ನನಗೆ ಹೇಳಿದರು, ಇವರಿಗಲ್ಲ. 

"ಕಾರು ಭೂಮಿಗೆ ಅಂಟ್ಕೊಂಡಂಗಿದೆ ನೋಡಮ್ಮ, ಸೀರೆ ಉಟ್ಕೊಂಡು ಇಳಿಯೋದು ಕಷ್ಟ. ಹತ್ತೋದಲ್ಲ, ಅದ್ರೊಳಕ್ಕೆ ಇಳೀಬೇಕು. ನನಗೆ ಆಗಲೇ ಮಂಡಿ ಹೋಗಿತ್ತು. ಅದಕ್ಕೆ ಒಂದು ಬಸ್ಸಿನ ಕಂಬಿ ತಂದು ಬಿಗಿದ್ರು. ಬಾ, ಇದನ್ನ ಹಿಡ್ಕೊಂಡು ಕೂತ್ಕೋ ಅಂದ್ರು. ಶೆಡ್ಡಿನ ಹುಡುಗ್ರು ನೋಡಿ, ರೈಟ್ ರೈಟ್ ಅಂತ ಸೀಟಿ ಹೊಡೆದ್ರು. ನಾಚಿಕೆ ಆಗೋಯ್ತು. ನಾನು ಜನ್ಮದಲ್ಲಿ ಇದ್ರಲ್ಲಿ ಕೂರಲ್ಲ, ನೀವು ಬೇಕಾದ್ರೆ ಹೋಗಿ, ನಾನು ಬಸ್ಸಲ್ಲಿ ಬರ್ತೀನಿ ಅಂದ್ಬಿಟ್ಟೆ. ಸುಮಾರು ದಿನ ಕಾದ್ರು. ಆಮೇಲೆ ಒಂದಿನ ಕಂಬಿ ಬಿಚ್ಚಿ, ತೂತು ಮುಚ್ಚಿ, ಬಣ್ಣ ಹೊಡೆದ್ರು. ಏನೂ ಅನ್ನಲಿಲ್ಲ."

"ಕಂಬಿ..." ಅಂದೆ.

"ಹತ್ತುವಾಗ ಹಿಡ್ಕೊಂಡ್ಯಲ್ಲಮ್ಮ. ಬಾಗಿಲ ಹತ್ರ."

ನನ್ನ ಅಂಗೈ ನೋಡಿಕೊಂಡೆ.

ಇವರು ಕಾರನ್ನು ಓಡಿಸಿ ನೋಡಲು ಹೊರಟರು. ಬರ್ತೀಯಾ ಎಂದು ಕೇಳಿದರು, ಇಲ್ಲ ಎಂದು ತಲೆಯಾಡಿಸಿದೆ. ಒಬ್ಬರೇ ಹೋದರು, ಆಕೆಯ ಮೈದುನ ಬೈಕಿನಲ್ಲಿ ಹಿಂದೆ ಹೋದರು. ಹೊಗೆ ನೀಲಿ ಇಲ್ಲ, ಇಂಜಿನ್ ಆಯಿಲ್ ಕುಡಿಯಲ್ಲ ಎಂದು ಇವರು ಹೋಗುವಾಗಲೂ ಕೂಗಿ ಹೇಳಿಯೇ ಹೋದರು. ಸದ್ದು ದೂರವಾಗಿ ಅಳಿಸಿಹೋಯಿತು. ನಾವಿಬ್ಬರೇ ಉಳಿದೆವು, ಗೋಡೆಯ ಮೇಲೆ ಅವರು. ಸ್ವಲ್ಪ ಹೊತ್ತಾದ ಮೇಲೆ ಬೀದಿಯ ತಿರುವಿನಲ್ಲಿ ಮತ್ತೆ ಆ ಗಡುಸು ಸದ್ದು ಕೇಳಿತು. ಆಕೆ ಎದ್ದು ಅಡಿಗೆಮನೆಗೆ ಹೋಗಿ ಒಲೆ ಹಚ್ಚಿ ಹಾಲಿಟ್ಟರು. ಇಟ್ಟ ಮೇಲೆ ಪಾತ್ರೆಯನ್ನು ನೋಡುತ್ತ ನಿಂತರು.

"ಅಭ್ಯಾಸ," ಅಂದರು. "ತಿರುವಲ್ಲಿ ಸದ್ದು ಕೇಳಿದ್ರೆ ಹಾಲಿಡ್ತಿದ್ದೆ."

ಇವರು ಜಗಲಿಯ ಕೆಳಗೆ ಬಂದು ನಿಂತರು. ಕೈ ಮಸಿ, ಮುಖ ಮದುಮಗನದು. ಎರಡನೇ ಗೇರು ಕಿರುಗುಟ್ಟುತ್ತದೆ, ಬ್ರೇಕು ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಅದೆಲ್ಲ ನಾನು ಮಾಡಿಕೊಳ್ಳುತ್ತೇನೆ ಎಂದು ತಮ್ಮನಿಗೆ ಹೇಳಿ, ನನ್ನ ಕಡೆ ನೋಡಿದರು. 

"ನೀನೇನಂತೀಯ?"

ಆಕೆ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ, ಹಾಲಿನ ಕಡೆಯೂ ನೋಡುತ್ತಿರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

"ತಗೊಳ್ಳಿ," ಅಂದೆ.

ದೊಡ್ಡ ಮನಸ್ಸಿನಿಂದ ಅಂದೆ ಎಂದು ಹೇಳಿಕೊಳ್ಳಲಾರೆ. ಬೇಡ ಎಂದು ಆಕೆಯೆದುರಿಗೆ ಹೇಳುವಷ್ಟು ಮೊಂಡತನ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೇ.

ಸಹಿ, ಕಾಗದ ಎಲ್ಲ ಮುಗಿಯಿತು. ಆಕೆ ಕಾರಿನ ಬೀಗದ ಕೈಯನ್ನು ಫೋಟೋದ ಮುಂದಿಟ್ಟು, ತೆಗೆದು, ತಮ್ಮನ ಕೈಯಿಂದ ಇವರಿಗೆ ಕೊಡಿಸಿದರು. ತಾವಾಗಿ ಕೊಡಲಿಲ್ಲ. ನಾನು ಬುಟ್ಟಿಯನ್ನು ಟವೆಲ್ ಸಮೇತ ಎತ್ತಿಕೊಂಡೆ.

"ನೀವು ಕಾರಲ್ಲಿ ಬನ್ನಿ," ಅಂದೆ ಇವರಿಗೆ, ಮೆಟ್ಟಿಲಿಳಿಯುತ್ತ. "ನಾನು ಬಸ್ಸಲ್ಲಿ ಬರ್ತೀನಿ."

ಹಿಂದೆ ಬಾಗಿಲಲ್ಲಿದ್ದ ಆಕೆ ಮೆಲ್ಲಗೆ ಅಂದರು, ಬೈಯುವ ಧ್ವನಿಯಲ್ಲ, "ಇದೇ ಮಾತಮ್ಮ ನಾನೂ ಅಂದಿದ್ದು."

ನನ್ನ ಕೈ ಆಗ ಗೋಡೆಯ ಕಂಬಿಯ ಮೇಲೇ ಇತ್ತು. ಅದನ್ನು ಬಿಟ್ಟು ಕೆಳಗಿಳಿದೆ. ಹೋಗಿ ಕಾರಿನ ಎಡಗಡೆ ಬಾಗಿಲು ತೆರೆದೆ.

ಇವರು ಸ್ಟಿಯರಿಂಗ್ ಹಿಡಿದು ಕುಳಿತಿದ್ದರು, ಇಂಜಿನ್ ಓಡುತ್ತಿತ್ತು. ತಿರುಗಿ ನೋಡಿದೆ. ಆಕೆ ಬಾಗಿಲ ಮರೆಗೆ ಸರಿದಿದ್ದರು. ಹೊಸದಾಗಿ ಕೊಂಡ ಗಾಡಿ ಹೊರಡುವಾಗ ಎದುರಿಗೆ ಬರಬಾರದೆಂದು, ಯಾರೂ ಹೇಳದೆ, ತಾವಾಗಿಯೇ. ಮುತ್ತೈದೆ ಬುಟ್ಟಿ ತಂದಿದ್ದಾಳೆ, ಪೂಜೆ ಮಾಡುತ್ತಾಳೆ, ನಾನು ಕಣ್ಣಿಗೆ ಬೀಳಬಾರದು ಎಂದು. ನನಗೆ ಗೊತ್ತಾಯಿತು. ಗೊತ್ತಾಗಿಯೂ ಬನ್ನಿ ಎನ್ನಲಿಲ್ಲ. ಸರಿಯಾಗಿಯೇ ಮಾಡಿದರು ಎಂದು ಮನಸ್ಸಿನ ಒಂದು ಮೂಲೆ ಅಂದಿತು. ಬಲಗಾಲನ್ನು ಎತ್ತಿ ಒಳಗಿಟ್ಟೆ. 

ಅಲ್ಲಿಗೆ ಮುಗಿಯಿತು. ಸೀಟು ಎಲ್ಲೋ ಪಾತಾಳದಲ್ಲಿದೆ, ಹಿಡಿಯಲು ಏನೂ ಇಲ್ಲ, ಒಂದು ಕಾಲು ಒಳಗೆ, ಒಂದು ಹೊರಗೆ, ಮಂಡಿ ಬೀಗ ಹಾಕಿದ ಹಾಗೆ ನಿಂತುಬಿಟ್ಟಿತು. ಇವರು ಕೈ ಚಾಚಿದರೂ ಎಟುಕಲಿಲ್ಲ. ಆಕೆಯ ಮೈದುನ ಗಂಡಸು, ಪರವೂರಿನ ಹೆಂಗಸನ್ನು ಹೇಗೆ ಮುಟ್ಟಿಯಾರು. ದೂರದಲ್ಲಿ ಕೈ ಕಟ್ಟಿ ಆಕಾಶ ನೋಡಿದರು. ಎದುರು ಮನೆಯ ಹುಡುಗಿಯರು ನಗು ತಡೆಯಲು ಬಾಯಿಗೆ ದುಪಟ್ಟಾ ಇಟ್ಟುಕೊಂಡರು.

"ಅಕ್ಕ," ಎಂದು ಕೂಗಿದೆ. "ಬನ್ನಿ ಇಲ್ಲಿ. ಕಾಲು ಸಿಕ್ಕಾಕ್ಕೊಂಡಿದೆ."

"ನಾನು ಬರಬಾರ್ದಮ್ಮ," ಬಾಗಿಲ ಹಿಂದಿನಿಂದ ಧ್ವನಿ. "ಹೊಸ ಗಾಡಿ."

"ಬನ್ನಿ ಅಕ್ಕ, ಬೀಳ್ತೀನಿ."

ಆಕೆ ಬಂದರು. ಮೆಟ್ಟಿಲ ಕಂಬಿ ಹಿಡಿದು ಇಳಿದು, ಅಂಗಳ ದಾಟಿ, ನನ್ನ ತೋಳಿಗೆ ಕೈಕೊಟ್ಟರು.

"ಕಾಲು ಹೊರಗೆ ತೆಗಿ ಮೊದ್ಲು. ಹಂಗಲ್ಲ. ಬೆನ್ನು ಕಾರಿಗೆ ಮಾಡು. ಈಗ ನನ್ನ ಕೈ ಹಿಡ್ಕೊಂಡು ಕೂತ್ಬಿಡು, ಕೂತ ಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಸೆರಗು ತಗೋ, ಬಾಗಿಲಿಗೆ ಸಿಕ್ಕುತ್ತೆ." ನಾನು ಕುಳಿತೆ. ಅವರು ಬಾಗಿಲು ಹಾಕಿ, ಅದು ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒತ್ತಿ ನೋಡಿದರು. "ನಮ್ಮೋರು ಹೇಳಿಕೊಟ್ಟಿದ್ರು," ಅಂದರು.

ಮುಚ್ಚಿಗೆ ಹರಿದಿದ್ದರಿಂದ ಮಡಚಿಯೇ ಇತ್ತು. ಚಿಂತಾಮಣಿಯಿಂದ ಶಿಡ್ಲಘಟ್ಟ, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ದಾರಿಯುದ್ದಕ್ಕೂ ಜನ ನೋಡಿದರು. ನಾನು ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು, ಮಡಿಲಲ್ಲಿ ಬೂದುಗುಂಬಳ ಇಟ್ಟುಕೊಂಡು, ಡ್ಯಾಶ್‌ಬೋರ್ಡನ್ನೇ ನೋಡುತ್ತಿದ್ದೆ. ಶಿಡ್ಲಘಟ್ಟದಲ್ಲಿ ಬೈಕಿನ ಹುಡುಗರು ಫೋನಿನಲ್ಲಿ ಚಿತ್ರ ತೆಗೆದರು. ನಮ್ಮ ಬೀದಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ತರಕಾರಿ ಚೀಲ ಕೆಳಗಿಟ್ಟು ನಿಂತರು.

"ಇದೇನ್ರೀ, ಗಾಳಿಗೆ ಸೂರು ಹಾರೋಯ್ತಾ?"

ನಾಚಿಕೆಯಾಯಿತು. ಆದರೆ ಅವತ್ತಿನ ಬೇರೆ ನಾಚಿಕೆಗಳ ಮುಂದೆ ಅದು ನಾಚಿಕೆಯೇ ಅಲ್ಲ.

ಮನೆಗೆ ಬಂದು ಕಾರಿಗೆ ಒಂದು ಊದುಬತ್ತಿ ಹಚ್ಚಿದೆ, ನಾಗಪ್ಪನನ್ನು ತೊಳೆದು ಫ್ರಿಜ್ಜಿಗೆ ಅಂಟಿಸಿದೆ. ಹಾರ ಬುಟ್ಟಿಯಲ್ಲೇ ಬಾಡಿತ್ತು, ತುಳಸಿಕಟ್ಟೆಯ ಬುಡಕ್ಕೆ ಹಾಕಿದೆ. ಕುಂಬಳಕಾಯಿ ಒಡೆಯಲು ಕೈ ಬರಲಿಲ್ಲ. ಮಾರನೆಯ ದಿನ ಮಜ್ಜಿಗೆಹುಳಿ ಮಾಡಿದೆ. ಇನ್ನೊಂದು ಮಾತು, ಮುಚ್ಚಿಡುವುದಿಲ್ಲ. ಸಾವಿನ ಮನೆಯಿಂದ ಬಂದವಳೆಂದು ತಲೆಗೆ ಸ್ನಾನ ಮಾಡಿದೆ. ಬೇಕಿರಲಿಲ್ಲ ಎಂದು ಗೊತ್ತಿತ್ತು. ಆಕೆ ಹಿಡಿದಿದ್ದ ತೋಳಿನ ಮೇಲೆ ನೀರು ಸುರಿಯುವಾಗ ಅಳು ಬಂತು, ಆದರೂ ಸುರಿದುಕೊಂಡೆ.

ವಾರದ ಮೇಲೆ ಇವರು, "ಆ ತೂತುಗಳನ್ನ ಬೆಸುಗೆ ಹಾಕಿ ಸರಿಯಾಗಿ ಮುಚ್ಚಿಬಿಡ್ತೀನಿ," ಅಂದರು.

"ಮುಚ್ಚಬೇಡಿ. ಒಂದು ಕಂಬಿ ತಂದು ಬಿಗೀರಿ."

"ಕಾರಿಗೆ ಒಪ್ಪೋ ಅಂಥದು ಹುಡುಕ್ಬೇಕು."

"ಬಸ್ಸಿಂದೇ ತನ್ನಿ."

ಅವರು ತಂದು ಬಿಗಿದರು. ನಾಲ್ಕು ತೂತಿಗೂ ಸರಿಯಾಗಿ ಕೂತಿತು. ಭಾನುವಾರ ನಾನು ಅದನ್ನು ಹಿಡಿದುಕೊಂಡು, ಬೆನ್ನು ಕಾರಿಗೆ ಮಾಡಿ, ಆಕೆ ಹೇಳಿದ ಹಾಗೆ ಕೂರುತ್ತೇನೆ. ಹಳೇ ಕಾರು ಕೊಳ್ಳಲು ಹೋಗುವವರಿಗೆ ಇವರ ಪಾಠವೆಲ್ಲ ಮುಗಿದ ಮೇಲೆ ಒಂದೊಂದು ಸಲ ನಾನು ಅಡಿಗೆಮನೆಯಿಂದಲೇ ಹೇಳುವುದುಂಟು: ಯಾರ ಕಾರು, ಆ ಮನೆಯಲ್ಲಿ ಏನಾಗಿದೆ ಕೇಳಿಕೊಂಡು ಹೋಗ್ರಪ್ಪ, ಆಮೇಲೆ ಹೂವು ತಗೊಂಡು ಹೋಗಿ.

ಕಾರು ತಂದ ದಿನ ಸಂಜೆ ದೀಪದ ಮುಂದೆ ಕುಳಿತು ಉಪಕಾರಗಳನ್ನು ಎಣಿಸಲು ಹೊರಟೆ. ಮಳೆ ಬರಲಿಲ್ಲ. ಬ್ರೇಕು ಎಡಕ್ಕೆಳೆದರೂ ದಾರಿಯಲ್ಲಿ ಏನೂ ಆಗಲಿಲ್ಲ. ಅಕ್ಕ ಎಂದು ಕೂಗಿದ್ದು ಮೂರನೆಯ ಬೆರಳಿಗೆ ಬಂತು. ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಆಕೆಯನ್ನು ಬಾಗಿಲ ಮರೆಯಿಂದ ಅಂಗಳಕ್ಕೆ ಕರೆಸಿದ್ದು ನನ್ನ ಭಕ್ತಿಯೂ ಅಲ್ಲ, ಬುದ್ಧಿಯೂ ಅಲ್ಲ. ಮಂಡಿ ನೆಟ್ಟಗಿದ್ದಿದ್ದರೆ ನಾನು ಸುಮ್ಮನೆ ಕೂತು ಹೊರಟು ಬಂದಿರುತ್ತಿದ್ದೆ. ಆ ಬೆರಳಿಗೆ ಮಂಡಿನೋವು ಎಂದು ಎಣಿಸಿ, ದೀಪಕ್ಕೆ ಎಣ್ಣೆ ಹಾಕಿ ಎದ್ದೆ.